ತಗರಪುರದ ಬಿಳಿಮಣ್ಣು

ಬಾಲಾಘಾಟದ ಗುಡ್ಡಗಳಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿಯುವ ತೇರಣಾ ನದಿಯು, ಬಲದಂಡೆಯಲ್ಲಿ ಉಮರಗೆಯ ಸೀಮೆಯನ್ನೂ ಎಡದಂಡೆಯಲ್ಲಿ ಔಸಾ, ನಿಲಂಗಗಳ ಸೀಮೆಯನ್ನೂ ಬಿಟ್ಟು ಮುಂದೆ ಸಾಗಿ, ಬೀದರಿನ ಗಡಿಯನ್ನು ಮುಟ್ಟುವ ಹೊತ್ತಿಗೆ ಮಾಂಜರೆಯಲ್ಲಿ ಲೀನವಾಗುತ್ತದೆ. ಅಲ್ಲಿಂದ ಉತ್ತರಕ್ಕೆ ಉದಗೀರದ ಕೋಟೆ, ದಕ್ಷಿಣಕ್ಕೆ ಬಸವಕಲ್ಯಾಣ. ಕರಿಕಲ್ಲು ಯುಗಯುಗಾಂತರಗಳಲ್ಲಿ ಸವೆದು ಎರೆಯಾದ ಈ ನೆಲಕ್ಕೆ ಇಂದಿರುವ ರಾಜ್ಯದ ಗಡಿಗೆರೆಯು ತೀರ ಈಚಿನದು. ನಿಜಾಮನ ಕಾಲದಲ್ಲಿ ನಿಲಂಗವೂ ಉದಗೀರವೂ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದುವು; 1956ರ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯದ ಪಾಲಿಗೆ ಹೋಗಿ, 1982ರಲ್ಲಿ ಲಾತೂರು ಜಿಲ್ಲೆಯು ನಿರ್ಮಾಣವಾದಾಗ ಅದರೊಳಗೆ ಸೇರಿಕೊಂಡುವು. ಉಮರಗೆ ಮಾತ್ರ ಆಗಿನ ಉಸ್ಮಾನಾಬಾದ, ಈಗಿನ ಧಾರಾಶಿವ ಜಿಲ್ಲೆಯಲ್ಲಿಯೇ ಉಳಿಯಿತು. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ಕುಟುಂಬಗಳು ಈ ಗೆರೆಯ ಎರಡೂ ಬದಿಗೆ ಇಂದಿಗೂ ಇವೆ.

ಈ ಸೀಮೆಯ ಪ್ರಾಚೀನತೆಯನ್ನು ಅರಿಯಲು ಅಗೆದು ನೋಡುವುದಕ್ಕಿಂತ ಮುಂಚೆ ಶಾಸನಗಳ ಬಿರುದಾವಳಿಯನ್ನು ನೋಡಬೇಕು. ಮಳಖೇಡದ ರಾಷ್ಟ್ರಕೂಟರೂ ಅವರ ಹೆಸರನ್ನು ಧರಿಸಿ ಸವದತ್ತಿಯಲ್ಲಿ ಆಳಿದ ರಟ್ಟರೂ ತಮ್ಮನ್ನು ಲತ್ತಲೂರ ಪುರದ ಅಧೀಶ್ವರರೆಂದು ಕರೆದುಕೊಂಡರು. ಆ ಲತ್ತಲೂರೇ ಇಂದಿನ ಲಾತೂರು. ಕೊಂಕಣದಲ್ಲಿಯೂ ಕೊಲ್ಲಾಪುರದಲ್ಲಿಯೂ ಆಳಿದ ಶಿಲಾಹಾರರು ‘ತಗರಪುರವರಾಧೀಶ್ವರ’ರೆನಿಸಿಕೊಂಡರು. ಸಮುದ್ರತೀರದ ಅರಸನೊಬ್ಬನು ಸಮುದ್ರದಿಂದ ಬಹುದೂರವಾದ ಎರೆನಾಡಿನ ಊರೊಂದರ ಹೆಸರನ್ನು ತಲೆಮಾರುಗಳವರೆಗೆ ತನ್ನ ಬಿರುದಿನ ಮೊದಲಲ್ಲಿ ಇರಿಸಿಕೊಳ್ಳಬೇಕಾದರೆ, ಆ ಊರಿನ ಕೀರ್ತಿಯು ಅದರ ಸಂಪತ್ತಿಗಿಂತ ದೀರ್ಘಾಯುವಾಗಿದ್ದಿರಬೇಕು. ಇಮ್ಮಡಿ ಪುಲಕೇಶಿಯ 612ರ ತಾಮ್ರಶಾಸನದಲ್ಲಿ ದಾನ ಪಡೆದ ಬ್ರಾಹ್ಮಣನು ತಗರದ ನಿವಾಸಿಯೆಂದು ಹೇಳಿದೆ. ಶಿಲಾಹಾರರು ಅದರ ಹೆಸರನ್ನು ಹೊತ್ತು ಮೆರೆಯುವ ಹೊತ್ತಿಗೆ ಆ ಪಟ್ಟಣದ ವೈಭವ ಕಳೆದು ಎಷ್ಟೋ ಶತಮಾನಗಳು ಸಂದಿದ್ದುವು.

ವೈಭವದ ದಿನಗಳ ಸಾಕ್ಷಿಯು ನಮ್ಮವರದಲ್ಲ. ಕ್ರಿ. ಶ. ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿಯಿದೆ. ಕರ್ತೃವಿನ ಹೆಸರಿಲ್ಲ, ಅಲಂಕಾರವಿಲ್ಲ, ಯಾವ ಬಂದರಿನಲ್ಲಿ ಏನು ಮಾರಬಹುದು, ಏನು ಕೊಳ್ಳಬಹುದು ಎಂಬ ವ್ಯಾಪಾರಿಯ ಲೆಕ್ಕವಷ್ಟೇ ಅದರಲ್ಲಿರುವುದು. ಅದರ ಪ್ರಕಾರ ಪಶ್ಚಿಮ ಕರಾವಳಿಯ ಭರುಕಚ್ಛ ಬಂದರಿನಿಂದ ದಕ್ಷಿಣಕ್ಕೆ ಇಪ್ಪತ್ತು ದಿನಗಳ ಪ್ರಯಾಣದಲ್ಲಿ ಪೈಠಣ, ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ಪ್ರಯಾಣದಲ್ಲಿ ತಗರ. ಪೈಠಣದಿಂದ ಬಣ್ಣದ ಕಲ್ಲುಗಳು ಹೋಗುತ್ತಿದ್ದುವು. ತಗರದಿಂದ ಒರಟು ಬಟ್ಟೆ, ನಾನಾ ತರದ ನಯವಾದ ಅರಿವೆ, ಮತ್ತು ಕರಾವಳಿಯಿಂದ ಅಲ್ಲಿಗೆ ಬಂದು ಸೇರುತ್ತಿದ್ದ ಇತರ ಸರಕು. ಸರಿಯಾದ ದಾರಿಯೇ ಇಲ್ಲದ ವಿಸ್ತಾರ ಪ್ರದೇಶಗಳನ್ನು ಹಾಯ್ದು ಇವೆಲ್ಲ ಬಂಡಿಗಳ ಮೇಲೆ ಬಂದರಿಗೆ ಇಳಿಯುತ್ತಿದ್ದುವೆಂದು ಆತನು ಬರೆಯುತ್ತಾನೆ. ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಬಂಡಿ ಹೂಡಿದವರಿಗೆ ಆ ಮಾತಿಗೆ ವ್ಯಾಖ್ಯಾನ ಬೇಡ. ಎರಡನೆಯ ಶತಮಾನದ ಟಾಲೆಮಿಯೂ ತಗರವನ್ನು ಹೆಸರಿಸುತ್ತಾನೆ. ಎರೆಯ ಹತ್ತಿಯನ್ನು ನೂತು ನೇದ ಬಟ್ಟೆಯು ಭರುಕಚ್ಛದಲ್ಲಿ ಹಡಗನ್ನೇರಿ, ಕೆಂಪು ಸಮುದ್ರವನ್ನು ದಾಟಿ, ಐಗುಪ್ತದ ಮಾರ್ಗವಾಗಿ ರೋಮನ್ ಸಾಮ್ರಾಜ್ಯದ ಪೇಟೆಗಳನ್ನು ಸೇರುತ್ತಿದ್ದಿತು.

ಆದರೆ ತಗರವು ಯಾವುದು? ಇದರ ಬಗೆಗೆ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ನಡೆಸಿದ ವಿವಾದವು ಒಂದು ಸ್ವಾರಸ್ಯದ ಕಥೆ. ವಿಲ್ಫರ್ಡನು ದೇವಗಿರಿಯೆಂದನು, ಗ್ರಾಂಟ್ ಡಫ್ ಬೀಡದ ಆಸುಪಾಸಿನಲ್ಲಿ ಹುಡುಕಿದನು, ಭಗವಾನಲಾಲ ಇಂದ್ರಜಿಯವರಿಗೆ ಜುನ್ನರವು ಒಪ್ಪಿತವಾಯಿತು, ರಾಮಕೃಷ್ಣ ಗೋಪಾಲ ಭಾಂಡಾರಕರರು ಧಾರೂರದ ಕಡೆಗೆ ಒಲಿದರು. ಕೊನೆಗೆ 1901ರಲ್ಲಿ ತೇರಣಾ ದಂಡೆಯ ತೇರ ಎಂಬ ಊರೇ ತಗರವೆಂದು ದೂರ, ದಿಕ್ಕು, ಹೆಸರುಗಳ ಆಧಾರದಿಂದ ಸ್ಥಾಪಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. ಕನ್ನಡನಾಡಿನ ಅರಸುಮನೆತನಗಳ ಇತಿಹಾಸವನ್ನು ಶಾಸನಗಳಿಂದ ಕಟ್ಟಿದ, ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಹಳ್ಳಿಗರ ಬಾಯಿಂದ ಬರೆದುಕೊಂಡು ಅಚ್ಚುಹಾಕಿಸಿದ ಆ ಫ್ಲೀಟನೇ ಈತ. ನಕಾಶೆಯನ್ನು ಹರಡಿ, ಹತ್ತು ದಿನಗಳ ಬಂಡಿಯ ಹಾದಿ ಎಷ್ಟು ಮೈಲಿಯಾಗಬಹುದೆಂದು ಎಣಿಸಿ, ಪೈಠಣದಿಂದ ಆಗ್ನೇಯಕ್ಕೆ ಬೆರಳನ್ನು ಸರಿಸುತ್ತ ಹೋದರೆ ಅದು ತೇರಕ್ಕೇ ಬಂದು ನಿಲ್ಲುತ್ತದೆ. ಅನಂತರ ಹೆನ್ರಿ ಕಸಿನ್ಸ್ ಅಲ್ಲಿಗೆ ಹೋಗಿ ಇಟ್ಟಿಗೆಯ ಪ್ರಾಚೀನ ಗುಡಿಗಳನ್ನು ಕುರಿತು 1902-03ರ ಪುರಾತತ್ತ್ವ ವರದಿಯಲ್ಲಿ ವಿಸ್ತಾರವಾಗಿ ಬರೆದನು. ಹಿಂಬದಿಯು ದುಂಡಾಗಿ ಬಾಗಿದ ತ್ರಿವಿಕ್ರಮನ ಗುಡಿಯು ಮೂಲದಲ್ಲಿ ಬೌದ್ಧ ಚೈತ್ಯವಾಗಿದ್ದಿತೆಂಬ ವಾದವು ಅಲ್ಲಿಂದ ಮುಂದೆ ಬಹುಕಾಲ ನಡೆಯಿತು. ಕೊನೆಯ ತೀರ್ಮಾನವೇನೇ ಇರಲಿ, ಇಟ್ಟಿಗೆಯ ಅಷ್ಟು ಹಳೆಯ ಕಟ್ಟಡವು ಕಲ್ಲಿನ ನಾಡಿನಲ್ಲಿ ನಿಂತಿರುವುದೇ ಒಂದು ಸೋಜಿಗ.

ಮರಾಠವಾಡೆಯ ಹಳ್ಳಿಯ ಭೂಮಿಯನ್ನು ಹಿಂದಿನವರು ‘ಕಾಳಿ’ ಮತ್ತು ‘ಪಾಂಢರಿ’ ಎಂದು ಎರಡಾಗಿ ವಿಂಗಡಿಸುತ್ತಿದ್ದರು. ಕಾಳಿಯೆಂದರೆ ಬೆಳೆಯುವ ಕರಿಯ ಎರೆ. ಪಾಂಢರಿಯೆಂದರೆ ಜನರು ವಾಸಿಸುವ, ವಾಸಿಸಿದ್ದ ಬಿಳಿಯ ನೆಲ. ಹುಟ್ಟಿನಿಂದ ಆ ನೆಲವು ಬಿಳಿಯದಲ್ಲ. ನೂರಾರು ವರ್ಷಗಳ ಕಾಲ ಒಲೆಯ ಬೂದಿ, ದನದ ಗೊಂತಿನ ಕಸ, ಕುಸಿದ ಗೋಡೆಯ ಮಣ್ಣು, ಎಲುಬು, ಒಡಕು ಗಡಿಗೆ ಇವೆಲ್ಲ ಒಂದರ ಮೇಲೊಂದು ಬಿದ್ದು, ಹಳೆಯ ಮನೆಯ ಮೇಲೆ ಹೊಸ ಮನೆಯೆದ್ದು, ಊರು ತನ್ನ ಕೆಳಗೆ ತಾನೇ ದಿಬ್ಬವನ್ನು ಬೆಳೆಸಿಕೊಳ್ಳುತ್ತದೆ. ನಮ್ಮ ಕಡೆಯವರು ಹಾಳಮಣ್ಣೆಂದು ಕರೆಯುವುದು ಇದನ್ನೇ. ಇದು ನೀರನ್ನು ಎರೆಯಂತೆ ಹೀರಿ ಉಬ್ಬುವುದಿಲ್ಲವಾದ್ದರಿಂದ ಮಾಳಿಗೆಯ ಮೇಲೆ ಹರವಲು ಶ್ರೇಷ್ಠ. ಬೂದಿ ಗೊಬ್ಬರಗಳು ಬೆರೆತುದಾದ್ದರಿಂದ ಹೊಲಕ್ಕೆ ಚೆಲ್ಲಲೂ ಉತ್ತಮ. ಆದಕಾರಣ ಪ್ರತಿ ಬೇಸಗೆಯಲ್ಲಿಯೂ ಪ್ರಾಚೀನ ನಗರಗಳು ಬಂಡಿ ಬಂಡಿಯಾಗಿ ಹೊಲಗಳಿಗೂ ಮಾಳಿಗೆಗಳಿಗೂ ಸಾಗುತ್ತ ಬಂದಿವೆ. ಸಾತವಾಹನರ ಸೀಸದ ನಾಣ್ಯವೊಂದು ದಿಬ್ಬದಿಂದ ಹರದಾರಿ ದೂರದ ಜೋಳದ ಹೊಲದಲ್ಲಿ ಸಿಕ್ಕಿದಾಗ ಅಲ್ಲಿ ಸಾತವಾಹನರ ಊರಿದ್ದಿತೆಂದು ತೀರ್ಮಾನಿಸುವವನು ಎಚ್ಚರಿಕೆಯಿಂದಿರಬೇಕು. ಆ ನಾಣ್ಯವು ಗೊಬ್ಬರದ ಜೊತೆಯಲ್ಲಿ, ಈತನ ಮುತ್ತಜ್ಜನ ಬಂಡಿಯಲ್ಲಿಯೇ, ಅಲ್ಲಿಗೆ ಬಂದುದಿರಬಹುದು.

ಎರೆಯ ಸ್ವಭಾವವೂ ಹುಡುಕುವವನಿಗೆ ಸಹಾಯಕವಲ್ಲ. ಬೇಸಗೆಯಲ್ಲಿ ಅದು ಮೊಳಕಾಲುದ್ದ ಬಿರಿಯುತ್ತದೆ; ಮೇಲಿನ ಸಣ್ಣ ವಸ್ತುಗಳು ಆ ಬಿರುಕುಗಳಲ್ಲಿ ಬಿದ್ದು ಕೆಳಗಿಳಿಯುತ್ತವೆ; ಮಳೆಗೆ ಉಬ್ಬಿ ಮತ್ತೆ ಮುಚ್ಚಿಕೊಳ್ಳುತ್ತದೆ. ತನ್ನನ್ನು ತಾನೇ ಉಳುವ ನೆಲವೆಂದು ಅದಕ್ಕೆ ಹೆಸರು. ಕುಂಟೆಯು ನಾಲ್ಕು ಬೆರಳು ಮಣ್ಣನ್ನು ಹರಗಿದರೆ, ರಂಟೆಯು ಗೇಣುದ್ದ ಇಳಿದರೆ, ಈ ಬಿರುಕುಗಳು ಅದಕ್ಕೂ ಆಳದವರೆಗೆ ಎಲ್ಲವನ್ನೂ ಕಲಸಿಬಿಡುತ್ತವೆ. ಹೀಗಾಗಿ ಉತ್ತ ಹೊಲದಲ್ಲಿ ಪದರಗಳ ಕ್ರಮವನ್ನು ಅಪೇಕ್ಷಿಸುವಂತಿಲ್ಲ. ದಿಬ್ಬದ ಬಿಳಿಮಣ್ಣು ಹಾಗಲ್ಲ; ಅದು ಇಟ್ಟುದನ್ನು ಇಟ್ಟಲ್ಲಿಯೇ ಕಾಯುತ್ತದೆ, ಮನುಷ್ಯನು ಸನಿಕೆಯನ್ನು ತರುವವರೆಗೆ. ಮುಂಗಾರಿನ ಮೊದಲ ಜೋರುಮಳೆ ಹೊಯ್ದು ನಿಂತ ಮೇಲೆ ಅಂತಹ ದಿಬ್ಬದ ಇಳಿಜಾರಿನಲ್ಲಿ ನಡೆದರೆ, ತೊಳೆದು ಹೊರಬಿದ್ದ ಮಣಿ, ಶಂಖದ ಬಳೆಯ ಚೂರು, ಹಸುರುಗಟ್ಟಿದ ದುಡ್ಡು ಕಣ್ಣಿಗೆ ಬೀಳುತ್ತವೆ. ದನಗಾಹಿ ಹುಡುಗರು ಇದನ್ನು ಪಂಡಿತರಿಗಿಂತ ಬಹಳ ಮೊದಲೇ ಬಲ್ಲರು.

ಬಲ್ಲವರ ಈ ಅರಿವನ್ನು ಇತಿಹಾಸಕ್ಕೆ ಉಪಯೋಗಿಸಿಕೊಂಡವರು ತೇರದ ವರ್ತಕರಾದ ರಾಮಲಿಂಗಪ್ಪ ಲಾಮತುರೆಯವರು. ಅವರು ಪದವೀಧರ ಪುರಾತತ್ತ್ವಜ್ಞರಲ್ಲ. ಸರಕಾರದ ಅಧಿಕಾರಿಯೂ ಅಲ್ಲ. ತಮ್ಮ ಊರಿನವರು ಮಣ್ಣು ಅಗೆಯುವಾಗ ಸಿಕ್ಕಿ ಬಿಸುಟ ವಸ್ತುಗಳಲ್ಲಿ ಏನೋ ಇದೆಯೆಂಬುದನ್ನು ಕಂಡುಕೊಂಡು, ದಶಕಗಳ ಕಾಲ ಅವುಗಳನ್ನು ಒಂದೊಂದಾಗಿ ಕೂಡಿಹಾಕಿದರು. ಹಾಗೆ ಕೂಡಿದ ವಸ್ತುಗಳ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರಿತು. ಅವು ಕೊನೆಗೆ ರಾಜ್ಯಕ್ಕೆ ಸಂದು, ತೇರದಲ್ಲಿ ಅವರ ಹೆಸರನ್ನೇ ಹೊತ್ತ ಸರಕಾರಿ ವಸ್ತುಸಂಗ್ರಹಾಲಯವಾಯಿತು. ಉಮರಗೆಯಿಂದ ಅರ್ಧ ದಿನದಲ್ಲಿ ಹೋಗಿಬರಬಹುದಾದ ಆ ಸಂಗ್ರಹಾಲಯವನ್ನು ನಮ್ಮವರಲ್ಲಿ ಅಜಂತೆ ವೇರೂಳಗಳನ್ನು ಕಂಡವರಲ್ಲಿ ನೂರಕ್ಕೊಬ್ಬರೂ ಕಂಡಿರಲಾರರೆಂದು ನನ್ನ ಅನುಮಾನ.

ಅಲ್ಲಿ ಒಟ್ಟುಗೂಡಿರುವುದು ಬಹುಮಟ್ಟಿಗೆ ಮಣ್ಣು. ಎರಡು ಅಚ್ಚುಗಳ ನಡುವೆ ಒತ್ತಿ, ಒಳಗೆ ಟೊಳ್ಳಾಗಿ, ಮುಂದೆಯೂ ಹಿಂದೆಯೂ ಪೂರ್ಣವಾಗಿ ಮೂಡಿಸಿದ ಬೊಂಬೆಗಳು; ಸೀಮೆಸುಣ್ಣದಷ್ಟು ಬೆಳ್ಳಗಿರುವ ಕೆಯೊಲಿನ್ ಜೇಡಿಯಲ್ಲಿ ಮಾಡಿದ ಸ್ತ್ರೀಮುಖಗಳು, ಅವುಗಳ ಕೇಶರಚನೆ, ಕಿವಿಯ ಓಲೆ; ರೋಮನ್ ದೀಪಗಳನ್ನು ನೋಡಿ ಇಲ್ಲಿಯ ಕುಂಬಾರನು ತಿದ್ದಿದ ಹಣತೆಗಳು. ಇವೆಲ್ಲದರ ನಡುವೆ ನನ್ನ ಮನಸ್ಸನ್ನು ಸೆರೆಹಿಡಿಯುವುವು ರೋಮನ್ ನಾಣ್ಯಗಳನ್ನು ಅನುಕರಿಸಿದ ಮಣ್ಣಿನ ಪದಕಗಳು. ಚಕ್ರವರ್ತಿಯ ಮುಖವನ್ನು ಜೇಡಿಯ ಮೇಲೆ ಒತ್ತಿ, ಸುಟ್ಟು, ದಾರ ಪೋಣಿಸಲು ಮೇಲ್ಗಡೆ ತೂತಿಟ್ಟು, ಕೊರಳಿಗೆ ಹಾಕಿಕೊಳ್ಳುತ್ತಿದ್ದ ಇಂತಹ ಪದಕಗಳು ತೇರದಲ್ಲಿ ಮಾತ್ರವಲ್ಲದೆ ಕೊಂಡಾಪುರ ಮೊದಲಾದ ದಖ್ಖಣದ ಅನೇಕ ನೆಲೆಗಳಲ್ಲಿ ದೊರೆತಿವೆ. ಚಿನ್ನದ ನಾಣ್ಯದ ಸರವನ್ನು ತೊಡಲು ಶಕ್ತಿಯಿಲ್ಲದವಳು ಮಣ್ಣಿನದನ್ನು ತೊಟ್ಟಳೆಂದು ತಿಳಿಯುವುದು ಸಹಜ. ಐಶ್ವರ್ಯದ ವಾರ್ತೆಯು ಐಶ್ವರ್ಯಕ್ಕಿಂತ ದೂರ ಹೋಗುತ್ತದೆ. ರೋಮಿನ ಚಕ್ರವರ್ತಿ ತಿಬೇರಿಯಸ್‌ನ ಹೆಸರನ್ನೇ ಕೇಳದ ಹೆಂಗಸರ ಕೊರಳಲ್ಲಿ ಆತನ ಮುಖವು ತೂಗಾಡಿತು. ಮುಂದೆ ಹದಿಮೂರನೆಯ ಹದಿನಾಲ್ಕನೆಯ ಶತಮಾನಗಳ ಸಂಧಿಯಲ್ಲಿ ಇದೇ ತೇರದಲ್ಲಿ ಮಣ್ಣು ತುಳಿದು ಪಾಂಡುರಂಗನನ್ನು ಭಜಿಸಿದವನು ಗೋರಾ ಕುಂಬಾರನು. 1974ರ ‘ಭಕ್ತ ಕುಂಬಾರ’ ಚಲಚಿತ್ರದಲ್ಲಿ ರಾಜಕುಮಾರರ ಅಭಿನಯದ ಮೂಲಕ ಆತನು ಕನ್ನಡಿಗರ ಮನೆಮಾತಾದನು. ಸಂತರ ಕೂಟದಲ್ಲಿ ಒಬ್ಬೊಬ್ಬರ ತಲೆಯನ್ನೂ ಗಡಿಗೆ ತಟ್ಟುವ ಹಲಗೆಯಿಂದ ತಟ್ಟಿ, ನಾಮದೇವನು ಇನ್ನೂ ಹಸಿಯೆಂದು ಆತನು ಹೇಳಿದನೆಂಬ ಕಥೆಯು ಪ್ರಸಿದ್ಧವಾಗಿದೆ. ತೇರದ ಕುಂಬಾರಿಕೆಗೆ ಅಷ್ಟು ಹೊತ್ತಿಗಾಗಲೆ ಸಾವಿರ ವರ್ಷ ತುಂಬಿದ್ದಿತು.

ಮಣ್ಣಲ್ಲದ ವಸ್ತುಗಳಲ್ಲಿ ಪ್ರಖ್ಯಾತವಾದುದು ದಂತದ ಒಂದು ಸ್ತ್ರೀಪ್ರತಿಮೆ. 1938ರಲ್ಲಿ ಇಟಲಿಯ ಪಾಂಪೆಯಿಯಲ್ಲಿ ಅಮೆದಿಯೊ ಮಯೂರಿಯವರ ಉತ್ಖನನದಲ್ಲಿ ಕಾಲು ಮೀಟರು ಎತ್ತರದ, ಇಕ್ಕೆಲಗಳಲ್ಲಿ ಪರಿಚಾರಿಕೆಯರಿರುವ ಭಾರತೀಯ ದಂತಪ್ರತಿಮೆಯೊಂದು ದೊರೆತಾಗ ಯೂರೋಪು ಬೆರಗಾಯಿತು. ಅದನ್ನು ಲಕ್ಷ್ಮಿಯೆಂದು ಕರೆದರು, ಆಮೇಲೆ ಯಕ್ಷಿಯೆಂದರು. ವೆಸೂವಿಯಸ್ ಜ್ವಾಲಾಮುಖಿಯು ಪಾಂಪೆಯಿಯನ್ನು ಹೂಳಿದುದು ಕ್ರಿ. ಶ. 79ರಲ್ಲಿ, ಆದ್ದರಿಂದ ಅದು ಅದಕ್ಕೂ ಮೊದಲೇ ಸಮುದ್ರ ದಾಟಿದ್ದಿತು. ಅದು ಉತ್ತರದ್ದೆ, ಮಥುರೆಯದೆ ಎಂದು ಚರ್ಚಿಸುತ್ತಿದ್ದವರಿಗೆ, ತೇರದ ಪ್ರತಿಮೆಯೂ ಜಾಲನಾ ಜಿಲ್ಲೆಯ ಭೋಕರದನದಲ್ಲಿ ಸಿಕ್ಕ ಇನ್ನೊಂದೂ ಅದರ ಸೋದರಿಯರಂತೆ ತೋರಿದುವು. ಅದೇ ನಿಲುವು, ಅದೇ ಆಭರಣಗಳ ಭಾರ. ತೇರದ್ದು ಗಾತ್ರದಲ್ಲಿ ಕಿರಿದು. ಪಾಂಪೆಯಿಯ ಪ್ರತಿಮೆಯು ದಖ್ಖಣದ ದಂತಕಾರರ ಕೈಯಿಂದಲೇ ಹೊರಟಿತೆಂದು ಹೇಳುವವರಿಗೆ ಈ ಎರಡು ಪ್ರತಿಮೆಗಳೇ ಮುಖ್ಯ ಆಧಾರ.

ಈಗ ಇಂಗ್ಲೆಂಡಿನ ಕಡೆಗೆ ಒಮ್ಮೆ ನೋಡಬೇಕು. ಅಲ್ಲಿ ಕೊಯ್ಲು ಮುಗಿದು ಉತ್ತ ಹೊಲಗಳಲ್ಲಿ, ರೈತನ ಒಪ್ಪಿಗೆ ಪಡೆದು, ಕೋಲಿನ ತುದಿಗೆ ತಂತಿಯ ಬಳೆಯನ್ನು ಕಟ್ಟಿದ ಲೋಹಶೋಧಕ ಯಂತ್ರವನ್ನು ಆಡಿಸುತ್ತ ರಜಾದಿನಗಳನ್ನು ಕಳೆಯುವವರು ಸಾವಿರಾರು. ಬಳೆಯಿಂದ ಹೊರಡುವ ವಿದ್ಯುತ್ಕಾಂತದ ಅಲೆಗೆ ಮಣ್ಣೊಳಗಿನ ಲೋಹವು ಪ್ರತ್ಯುತ್ತರ ಕೊಡುತ್ತದೆ, ಕಿವಿಯಲ್ಲಿ ಸದ್ದಾಗುತ್ತದೆ. 1992ರಲ್ಲಿ ಸಫೋಕ್ ಪ್ರಾಂತದ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನು ಕಳೆದುಕೊಂಡ ಸುತ್ತಿಗೆಯನ್ನು ಹುಡುಕಲು ಹೋದ ಯಂತ್ರಕ್ಕೆ ರೋಮನ್ ಕಾಲದ ಸುಮಾರು 15,000 ನಾಣ್ಯಗಳೂ ಚಿನ್ನದ ಒಡವೆಗಳೂ ಸಿಕ್ಕಿದುವು. ಸುತ್ತಿಗೆಯೂ ಸಿಕ್ಕಿ, ಈಗ ಅದೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 2010ರಲ್ಲಿ ಫ್ರೂಮ್ ಊರಿನ ಹತ್ತಿರ ಒಂದೇ ಮಡಕೆಯಲ್ಲಿ 52,503 ನಾಣ್ಯಗಳು. 1996ರ ನಿಧಿ ಕಾನೂನೂ 1997ರಲ್ಲಿ ಪ್ರಾರಂಭವಾದ ದಾಖಲೆಯ ಯೋಜನೆಯೂ ಈ ಹವ್ಯಾಸಿಗಳನ್ನು ಕಳ್ಳರನ್ನಾಗಿ ಮಾಡದೆ ಸಹಾಯಕರನ್ನಾಗಿ ಮಾಡಿಕೊಂಡುವು. ಹತ್ತು ಲಕ್ಷಕ್ಕೂ ಮಿಕ್ಕ ವಸ್ತುಗಳು, ಸಿಕ್ಕ ಹೊಲದ ಸ್ಥಾನದ ಸಹಿತ, ಅಲ್ಲಿ ದಾಖಲಾಗಿವೆ. ಇದನ್ನು ಮೆಚ್ಚದಿರಲು ಸಾಧ್ಯವಿಲ್ಲ. ಆದರೆ ಇದೇ ಯಂತ್ರವನ್ನು ತಂದು ತೇರಣಾ ದಂಡೆಯಲ್ಲಿ ಆಡಿಸಿದರೆ ಏನಾದೀತು? ಕರಿಕಲ್ಲಿನಿಂದಾದ ಎರೆಯಲ್ಲಿ ಕಬ್ಬಿಣದಂಶವು ಅಧಿಕವಾದ್ದರಿಂದ ಯಂತ್ರವು ಬರಿಯ ನೆಲಕ್ಕೇ ಕಿರುಚಿಕೊಂಡೀತು. ಅದು ಹೇಗೂ ಇರಲಿ. ಬೊಂಬೆಗೂ ದಂತಕ್ಕೂ ಶಂಖಕ್ಕೂ ಮಣಿಗೂ ಮಣ್ಣಿನ ತಿಬೇರಿಯಸ್‌ನಿಗೂ ಅದು ಸಂಪೂರ್ಣ ಕಿವುಡು. ತಗರದ ಅತ್ಯುತ್ತಮ ಸರಕಾದ ಬಟ್ಟೆಯಂತೂ ಯಾವ ಯಂತ್ರಕ್ಕೂ ಸಿಕ್ಕುವಂತಹುದಲ್ಲ. ಅದು ಆಗಲೇ ಹರಿದು ಮಣ್ಣಾಯಿತು.

ರೋಮಿನ ಲೋಹವು ನಮ್ಮ ನಾಡಿನಲ್ಲಿ ದೊರೆತಿಲ್ಲವೆಂದಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆಯ ಕೆಲಸಕ್ಕೆ ಅಗೆಯುವಾಗ 163 ಬೆಳ್ಳಿಯ ದಿನಾರಿಗಳು ಸಿಕ್ಕಿದುವು; 1965ರಲ್ಲಿ ಅದೇ ನಗರದ ಎಚ್.ಎ.ಎಲ್. ವಿಮಾನನಿಲ್ದಾಣದ ಬಳಿ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರರೂ ಅಗೆದರು. ಅಲ್ಲಿ ಸಾತವಾಹನರ ನಾಣ್ಯಗಳೊಡನೆ ರೋಮನ್ ನಾಣ್ಯಗಳೂ ಕಾಣಬಂದುವು. ಹಾನಗಲ್ಲಿನ ಹತ್ತಿರದ ಅಕ್ಕಿಆಲೂರಿನಲ್ಲಿ ಐದು ಆರನೆಯ ಶತಮಾನಗಳ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿಗಳವರೆಗೆ ಮುಟ್ಟುವ ನಲವತ್ತಕ್ಕೂ ಮಿಕ್ಕ ಚಿನ್ನದ ನಾಣ್ಯಗಳು ದೊರೆತುವು. ಉದಗೀರದಿಂದ ಆಗ್ನೇಯಕ್ಕೆ, ಆಗಿನ ಹೈದರಾಬಾದು ಸಂಸ್ಥಾನದ ಕೊಂಡಾಪುರದಲ್ಲಿ ಗುಲಾಂ ಯಜ್ದಾನಿಯವರು 1940ರ ಸುಮಾರಿಗೆ ಅಗೆಸಿದಾಗ ಅಗಸ್ಟಸ್‌ನ ಚಿನ್ನದ ನಾಣ್ಯವು ಹೊರಬಂದಿತು. ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1944ರಲ್ಲಿ ಸಮುದ್ರದೇವತೆಯಾದ ಪೊಸೈಡನ್ನನ ಕಂಚಿನ ಪ್ರತಿಮೆ, ಕನ್ನಡಿ, ಹೂಜಿಗಳ ರಾಶಿಯೇ ದೊರೆಯಿತು. ಅದನ್ನು ಬೆಳಕಿಗೆ ತಂದವರು ಪ್ರೊಫೆಸರ್ ಕೆ. ಜಿ. ಕುಂದಣಗಾರರು. ಕೊಲ್ಲಾಪುರ ಸೀಮೆಯ ಕನ್ನಡ ಶಾಸನಗಳನ್ನು ಸಂಪಾದಿಸಿದ, 1961ರ ಗದುಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಆ ಕುಂದಣಗಾರರ ಹೆಸರು ರೋಮನ್ ಕಂಚಿನ ಚರಿತ್ರೆಯಲ್ಲಿಯೂ ಸೇರಿಕೊಂಡಿರುವುದನ್ನು ನಮ್ಮ ಸಾಹಿತ್ಯಪ್ರಿಯರು ಅಷ್ಟಾಗಿ ಬಲ್ಲವರಲ್ಲ.

ಇಷ್ಟಾದರೂ ತಮಿಳು, ಆಂಧ್ರ ನಾಡುಗಳಿಗೆ ಹೋಲಿಸಿದರೆ ಪಶ್ಚಿಮ ದಖ್ಖಣದಲ್ಲಿ ರೋಮನ್ ನಾಣ್ಯಗಳು ವಿರಳ. ಅಷ್ಟೊಂದು ಬಟ್ಟೆಯನ್ನು ಕಳುಹಿಸಿದ ತಗರಕ್ಕೆ ಅದರ ಬೆಲೆ ಎಲ್ಲಿ ಹೋಯಿತು? ಪೆರಿಪ್ಲಸ್ಸಿನ ಕರ್ತೃವೇ ಸುಳಿವು ಕೊಡುತ್ತಾನೆ: ರೋಮಿನ ಚಿನ್ನ ಬೆಳ್ಳಿಗಳ ನಾಣ್ಯವನ್ನು ಭರುಕಚ್ಛದಲ್ಲಿ ಸ್ಥಳೀಯ ಹಣಕ್ಕೆ ಬದಲಾಯಿಸಿದರೆ ಲಾಭವಿದ್ದಿತಂತೆ. ಅಂದ ಮೇಲೆ ವಿದೇಶೀ ನಾಣ್ಯವು ಬಂದರಿನಲ್ಲಿಯೇ ಸರಾಫನ ಕೈಸೇರಿ, ಕರಗಿ, ಅಲ್ಲಿಯ ಕ್ಷತ್ರಪರ ಬೆಳ್ಳಿಯ ನಾಣ್ಯವಾಗಿ ಮರುಜನ್ಮ ಪಡೆದಿರುವುದು ಸಂಭಾವ್ಯ. ಒಳನಾಡಿನ ನೇಕಾರನ ಕೈಗೆ ಬಂದುದು ಸೀಸದ, ತಾಮ್ರದ ಸಾತವಾಹನ ದುಡ್ಡು. ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸುಗಳನ್ನು ಭಾರತವು ನಮ್ಮಿಂದ ಹೀರುತ್ತಿದೆಯೆಂದು ರೋಮಿನ ಪ್ಲಿನಿಯು ಗೋಳಿಟ್ಟನು. ಅದರಲ್ಲಿ ತೇರಣಾ ದಂಡೆಯವರೆಗೆ ಬಂದ ಪಾಲು ಅತ್ಯಲ್ಪವೆಂದು ನನಗೆ ತೋರುತ್ತದೆ. ದೂರದ ವ್ಯಾಪಾರದಲ್ಲಿ ನೂಲುವವಳ ಪಾಲು ಯಾವ ಕಾಲದಲ್ಲಿಯೂ ಅಷ್ಟೇ. ಒಳನಾಡಿಗೆ ಬಂದ ಚಿನ್ನವಾದರೋ ಹಣವಾಗಿ ಓಡಾಡಲಿಲ್ಲ. ಭಾರತದಲ್ಲಿ ದೊರೆತ ಎಷ್ಟೋ ರೋಮನ್ ಚಿನ್ನದ ನಾಣ್ಯಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡವಾಗಿ ಉಳಿಯಿಂದ ಗೀರಿದ ಗುರುತಿದೆ. ಕೆಲವಕ್ಕೆ ಕೊಂಡಿ ಬೆಸೆದಿದೆ, ಕೆಲವಕ್ಕೆ ತೂತು. ಹದಿನೈದು ಶತಮಾನಗಳ ಬಳಿಕ ವೆನಿಸಿನ ಚಿನ್ನದ ನಾಣ್ಯಗಳು ಬಂದಾಗಲೂ ಈ ಸೀಮೆಯ ಹೆಣ್ಣುಮಕ್ಕಳು ಅವನ್ನು ಪುತಳಿಯೆಂದು ಕರೆದು ಸರ ಮಾಡಿ ಕೊರಳಿಗೆ ಹಾಕಿಕೊಂಡರು. ಇಂದು ಅಕ್ಕಸಾಲಿಗನು ಮಾಡುವ ಪುತಳಿಸರದ ಬಿಲ್ಲೆಗಳ ಹಿಂದೆ ವೆನಿಸೂ ಇದೆ, ಅದರ ಹಿಂದೆ ರೋಮೂ ಇದೆ.

ಉತ್ತ ಹೊಲದಲ್ಲಿ ಹೊಳೆಯುವುದೊಂದು ಸಿಕ್ಕಿದಾಗ ಹಳ್ಳಿಗನ ಮನಸ್ಸಿಗೆ ಮೊದಲು ಬರುವುದು ಇತಿಹಾಸವಲ್ಲ, ನಿಧಿ. ಏಳು ಕೊಪ್ಪರಿಗೆ ಹೊನ್ನು, ಅದನ್ನು ಕಾಯುವ ಸರ್ಪ, ಅದರ ತಾಣವನ್ನು ತೋರಿಸುವ ಅಂಜನ, ಕಾಲು ಮುಂದಾಗಿ ಹುಟ್ಟಿದವರಿಗೆ ಮಾತ್ರ ನೆಲದೊಳಗಣ ಹಣ ಕಾಣುತ್ತದೆಂಬ ನಂಬಿಕೆ, ಇವು ಗಡಿಯ ಎರಡೂ ಕಡೆ ಒಂದೇ. ಬಿಜ್ಜಳನ ಸಿಂಹಾಸನದ ಕೆಳಗಿದ್ದ ನಿಕ್ಷೇಪದ ಗುಟ್ಟನ್ನು ಯಾರೂ ಓದಲಾರದ ಲಿಪಿಯಿಂದ ಬಸವಣ್ಣನವರು ಓದಿದರೆಂಬ ಐತಿಹ್ಯವೂ ಇದೆ. ಆ ಕಥೆಯಲ್ಲಿ ನನಗೆ ಹಿತವೆನಿಸುವುದು, ನಿಧಿಯನ್ನು ಕಂಡುಹಿಡಿದುದು ಓದು ಎಂಬ ಅಂಶ. ಈಚೆಗೆ ಅಂಜನದ ಜೊತೆಗೆ ಲೋಹಶೋಧಕವೂ ಸೇರಿದೆ. ರಾತ್ರಿಯಲ್ಲಿ ಹಾಳುಗುಡಿಗಳ ಲಿಂಗವನ್ನು ಕಿತ್ತು, ಬಸವನ ಹೊಟ್ಟೆಯನ್ನು ಒಡೆದು, ಮೂರು ಹೆಜ್ಜೆ ಅಗೆದು, ಏನೂ ಸಿಗದೆ ಓಡಿಹೋಗುವವರ ಸಮಾಚಾರವು ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಚಾಲುಕ್ಯರ ಕಾಲದ ಗುಡಿಗಳಿಗೆ ದಂಡಯಾತ್ರೆಗಳಿಂದ ಆದ ಹಾನಿಯನ್ನು ನಾವು ಬಹಳ ಬರೆದಿದ್ದೇವೆ. ಈ ಮೂಢರಿಂದ ಆದುದನ್ನು ಬರೆದಿಲ್ಲ.

ಕಾನೂನು ಇಲ್ಲದಿಲ್ಲ. 1878ರ ನಿಕ್ಷೇಪ ಕಾಯಿದೆಯಂತೆ ನೆಲದಲ್ಲಿ ಅಡಗಿದ್ದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ಯಾವ ವಸ್ತು ಸಿಕ್ಕರೂ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸತಕ್ಕುದು. ಒಡೆಯನಿಲ್ಲವೆಂದು ಸಿದ್ಧವಾದರೆ ಬೇರೆ ಒಪ್ಪಂದವಿಲ್ಲದಿದ್ದಾಗ ಮುಕ್ಕಾಲು ಪಾಲು ಸಿಕ್ಕಿದವನಿಗೆ, ಕಾಲುಪಾಲು ಭೂಮಾಲಿಕನಿಗೆ. ಸರಕಾರವು ತಾನೇ ಇಟ್ಟುಕೊಳ್ಳಬಯಸಿದರೆ ಲೋಹದ ಬೆಲೆಗೆ ಐದನೆಯ ಒಂದು ಪಾಲನ್ನು ಕೂಡಿಸಿ ಕೊಡತಕ್ಕುದು. ನೋಡಲು ನ್ಯಾಯವಾಗಿಯೇ ಇದೆ. ಆದರೆ ಚಾವಡಿ, ಪಂಚನಾಮೆ, ಪೋಲೀಸು, ತಾಲೂಕು ಕಚೇರಿಯ ತಾರೀಖುಗಳನ್ನು ನೆನೆದ ರೈತನಿಗೆ ಅಕ್ಕಸಾಲಿಗನ ಮೂಸೆಯು ಹತ್ತಿರ. ಹಾಗೆ ಕರಗಿದ ನಾಣ್ಯಗಳ ಲೆಕ್ಕ ಯಾವ ವರದಿಯಲ್ಲಿಯೂ ಸಿಕ್ಕುವುದಿಲ್ಲ. 1972ರ ಪ್ರಾಚೀನವಸ್ತುಗಳ ಕಾಯಿದೆಯು ನೂರು ವರ್ಷ ಮೀರಿದ ಮಡಕೆ ಬೊಂಬೆಗಳನ್ನೂ ಪ್ರಾಚೀನವಸ್ತುವೆಂದು ಎಣಿಸಿತಾದರೂ, ಹತ್ತು ರೂಪಾಯಿಗೆ ಮೀರದ ಜೇಡಿಯ ಚೂರನ್ನು ಹೊತ್ತು ಕಚೇರಿಗೆ ಹೋಗುವವರು ಯಾರು?

ದಿಬ್ಬಗಳ ಕಥೆಯಲ್ಲಿ ಒಂದು ಘೋರವಾದ ಅಧ್ಯಾಯವೂ ಇದೆ. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ ಔಸಾ ತಾಲೂಕಿನ ಕಿಲ್ಲಾರಿಯನ್ನೂ ಆಗಿನ ಉಮರಗೆ ತಾಲೂಕಿನ ಸಾಸ್ತೂರನ್ನೂ ಕೇಂದ್ರವಾಗುಳ್ಳ ಸೀಮೆಯು ನಡುಗಿ, ಸುಮಾರು ಹತ್ತು ಸಾವಿರ ಜನರು ಮಡಿದರು. ಕೊಂದುದು ಭೂಕಂಪಕ್ಕಿಂತ ಹೆಚ್ಚಾಗಿ ಮನೆಗಳು: ಗಾರೆಯಿಲ್ಲದೆ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ತೊಲೆ ಜಂತಿಗಳು, ಅವುಗಳ ಮೇಲೆ ತಲೆಮಾರುಗಳಿಂದ ಪದರ ಪದರವಾಗಿ ಹಾಕುತ್ತ ಬಂದ ಮೊಳದುದ್ದದ ಬಿಳಿಮಣ್ಣು. ಬೇಸಗೆಯ ಬಿಸಿಲಿಗೂ ಮಳೆಗೂ ಅಷ್ಟು ಹಿತವಾಗಿದ್ದ ಮಾಳಿಗೆಯು ಮಲಗಿದ್ದವರ ಮೇಲೆ ಇಳಿಯಿತು. ಅನೇಕ ಹಳ್ಳಿಗಳನ್ನು ಪೂರ್ತಿಯಾಗಿ ಬೇರೆಡೆಗೆ ಸರಿಸಿ ಅಗಲವಾದ ಬೀದಿಗಳ, ಸಿಮೆಂಟಿನ ಮನೆಗಳ ಹೊಸ ಊರುಗಳನ್ನು ಕಟ್ಟಲಾಯಿತು. ಹಳೆಯ ಊರುಗಳು ಜಾಲಿ ಬೆಳೆದು ಪಾಂಢರಿಯ ದಿಬ್ಬಗಳಾಗತೊಡಗಿವೆ; ತಗರವು ಶತಮಾನಗಳಲ್ಲಿ ಕಂಡ ಗತಿಯನ್ನು ಅವು ಒಂದು ಬೆಳಗಿನಲ್ಲಿ ಕಂಡುವು. ಹೊಲಗಳಲ್ಲಿಯೂ ಬದಲಾವಣೆಯಾಗಿದೆ. ಕುಂಟೆ, ಕೂರಿಗೆಗಳ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ. ಜೋಳ, ಹತ್ತಿಗಳ ಜಾಗವನ್ನು ಬಹುಮಟ್ಟಿಗೆ ಸೋಯಾಬೀನೂ ಕಬ್ಬೂ ಹಿಡಿದಿವೆ. ಎತ್ತಿನ ರಂಟೆಯು ಎರಡು ಸಾವಿರ ವರ್ಷಗಳಲ್ಲಿ ಮುಟ್ಟದ ಆಳವನ್ನು ಟ್ರ್ಯಾಕ್ಟರಿನ ನೇಗಿಲು ಒಂದೇ ಹಂಗಾಮಿನಲ್ಲಿ ತಿರುವುತ್ತದೆ, ಮತ್ತು ದಿಬ್ಬವನ್ನು ಸಮತಟ್ಟು ಮಾಡಲು ಜೆ.ಸಿ.ಬಿ. ಯಂತ್ರಕ್ಕೆ ಒಂದು ದಿನ ಸಾಕು.

ಲಾಮತುರೆಯವರ ಸಂಗ್ರಹಕ್ಕೂ ಒಂದು ಕೊರತೆಯಿದೆ. ಅದನ್ನು ಹೇಳುವುದರಿಂದ ಅವರ ಗೌರವಕ್ಕೆ ಕುಂದಿಲ್ಲ. ಬೊಂಬೆಯು ಬೊಂಬೆಯಾಗಿ ಉಳಿಯಿತು. ಆದರೆ ಅದು ಯಾವ ದಿಬ್ಬದ ಯಾವ ಪದರದಲ್ಲಿ, ಯಾವ ಮಡಕೆಯ, ಯಾವ ನಾಣ್ಯದ ಜೊತೆಗಿದ್ದಿತೆಂಬುದು ಬಂಡಿಯಲ್ಲಿ ಹೋದ ಮಣ್ಣಿನೊಡನೆ ಹೋಯಿತು. ಅಂತಹ ವಸ್ತುವಿಗೆ ಕಾಲವನ್ನು ಹೇಳಬೇಕಾದರೆ ಕ್ರಮಬದ್ಧವಾಗಿ ಅಗೆದ ನೆಲದಲ್ಲಿ ಅದರ ಜೊತೆಗಾರನನ್ನು ಹುಡುಕಬೇಕು. ಆ ಕೆಲಸವನ್ನು 1958ರಲ್ಲಿ ಬಿ. ಎನ್. ಚಾಪೇಕರರು ತೇರದಲ್ಲಿ ಆರಂಭಿಸಿದರು. ಅವರ ವರದಿಯು 1969ರಲ್ಲಿ ಅಚ್ಚಾಯಿತು. ಆ ಬಳಿಕವೂ ಬೇರೆ ಬೇರೆ ಸಮಯಗಳಲ್ಲಿ ಉತ್ಖನನಗಳು ನಡೆದಿವೆ. ದಿಬ್ಬಗಳ ವಿಸ್ತಾರವನ್ನು ನೋಡಿದರೆ ಅಗೆದುದು ಅಂಗೈಯಗಲ. ಮಳೆಗೂ ಸನಿಕೆಗೂ ಸಿಕ್ಕಿ ಹೊರಬಂದ ಇಪ್ಪತ್ತು ಸಾವಿರ ವಸ್ತುಗಳಿಗೆ ಕಾಲನಿರ್ಣಯ ಮಾಡಹೊರಟವರು ಇಂದಿಗೂ ಆ ಕೆಲವು ಕುಳಿಗಳ ಗೋಡೆಯ ಪದರಗಳನ್ನೇ ಆಶ್ರಯಿಸಬೇಕಾಗಿದೆ.